ಹೆಲಿಕಾಪ್ಟರನ್ನು ಗಾಳಿಯಲ್ಲಿ 'ನಿಲ್ಲಿಸು' ಅನ್ನಬಹುದಾ?

ಗೆಳೆಯರೇ, ನಮಸ್ಕಾರ.

ರಿಮೋಟ್ ಹೆಲಿಕಾಪ್ಟರ್ ಹಾರಿಸಲು ಹೊಸದಾಗಿ ಕಲಿಯುವವರಿಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಬ್ಯಾಟರಿ, ಸರ್ವೋ, ಗೈರೋ ಇವೆಲ್ಲ ಹಾಗೇ ಇರಲಿ, ಅದಕ್ಕೆ ಕನ್ನಡ ಹುಡುಕುವ ಹಟ ನನಗಿಲ್ಲ. ತೊಡಕಾಗಿರುವುದು ಕ್ರಿಯಾಪದಗಳು.

ಮೊದಲು ಹೋವರ್. ಕಲಿಕೆ ಶುರುವಾಗುವುದೇ ಇದರಿಂದ. ಬಾಲ ನಮ್ಮ ಕಡೆ ಇರುವಂತೆ ಹೆಲಿಕಾಪ್ಟರನ್ನು ಗಾಳಿಯಲ್ಲಿ ಒಂದೇ ಜಾಗದಲ್ಲಿ ಹಿಡಿದಿಡಬೇಕು. ಇದಕ್ಕೆ ಕೆಲವರು 'ಸುಳಿದಾಡು' ಅನ್ನುತ್ತಾರೆ. ಸುಳಿದಾಡು ಅಂದರೆ ಅತ್ತಿತ್ತ ಓಡಾಡುವುದು, ನಮಗೆ ಬೇಕಾದ್ದು ಅದರ ಉಲ್ಟಾ. 'ತೇಲು' ಇನ್ನೂ ಅಪಾಯದ ಮಾತು. ತೇಲುವ ವಸ್ತುವನ್ನು ಸುಮ್ನೆ ಬಿಟ್ಟರೂ ತೇಲುತ್ತದೆ. ಒಂದರ ಮೇಲೊಂದು ಎರಡು ಜೊತೆ ಬ್ಲೇಡ್ ಇರುವ ಪುಟ್ಟ ಆಟದ ಹೆಲಿಕಾಪ್ಟರಿಗಾದರೆ ಒಪ್ಪಬಹುದೇನೋ. ಮೇಲೆ ಒಂದೇ ರೋಟರ್ (ತಿರುಗುವ ಬ್ಲೇಡ್ ಜೊತೆ) ಇರುವ ಹೆಲಿಕಾಪ್ಟರ್ ಹಾಗಲ್ಲ. ಗಾಳಿ ಚೂರು ತಳ್ಳಿದರೆ ವಾಲುತ್ತದೆ, ವಾಲಿದ ಕಡೆಗೇ ಜಾರುತ್ತದೆ. ತಾನಾಗಿ ಮಟ್ಟಕ್ಕೆ ಬರುವ ಹೊಸ ಮಾದರಿಗಳನ್ನು ಬಿಟ್ಟರೆ, ರಿಮೋಟಿನ ಎರಡೂ ಸ್ಟಿಕ್‌ಗಳನ್ನು ಕೂದಲೆಳೆಯಷ್ಟು ಸರಿಸುತ್ತಲೇ ಇರಬೇಕು. ತೇಲುತ್ತದೆ ಎಂದು ನಂಬಿ ಕೈ ಸಡಿಲಿಸಿದರೆ ನೆಲ ಸೇರುವುದು ಖಂಡಿತ.

'ಗಾಳಿಯಲ್ಲಿ ನಿಲ್ಲಿಸು' ನನಗೆ ಹತ್ತಿರ ಅನ್ನಿಸಿತು. ಆದರೆ ಬಯಲಿನಲ್ಲಿ ಪಕ್ಕ ನಿಂತು "ನಿಲ್ಸು, ನಿಲ್ಸು" ಎಂದು ಕೂಗಿದರೆ ಹೊಸಬರು ಏನು ಮಾಡುತ್ತಾರೆ? ಥ್ರಾಟಲ್ (ಮೋಟರಿನ ಶಕ್ತಿ ಏರಿಸಿ ಇಳಿಸುವ ಸ್ಟಿಕ್) ಪೂರ್ತಿ ಇಳಿಸಿಬಿಡುತ್ತಾರೆ! ಮಧ್ಯಮ ಗಾತ್ರದ ಹೆಲಿಕಾಪ್ಟರಿನ ಬ್ಲೇಡ್ ನಿಮಿಷಕ್ಕೆ 2000 ಸುತ್ತಿಗಿಂತ ಜಾಸ್ತಿ ತಿರುಗುತ್ತಿರುತ್ತದೆ. ಅಲ್ಲಿ ಎರಡರ್ಥದ ಮಾತು ಸಲ್ಲದು.

ಕೆರೆಯ ಮೇಲೆ ಕಪ್ಪುಬಿಳಿ ಮಿಂಚುಳ್ಳಿ ಮೀನಿಗೆ ಕಣ್ಣಿಟ್ಟು, ಪಟಪಟ ರೆಕ್ಕೆ ಬಡಿಯುತ್ತಾ ಒಂದೇ ಕಡೆ ನಿಲ್ಲುತ್ತದಲ್ವಾ? ಅದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಕರಾವಳಿಯವರು, ಮಲೆನಾಡಿನವರು, ಬೀದರ್-ಕಲಬುರಗಿಯವರು ದಯವಿಟ್ಟು ತಿಳಿಸಿ. ಮನೆಯ ಹಿರಿಯರನ್ನೂ ಕೇಳಿ. ನನಗೆ ಬೇಕಾಗಿರುವುದು ಅಂಥ ಪದವೇ.

ಎರಡನೆಯದು 'ಎಡಕ್ಕೆ ತಿರುಗಿಸು'. ಮೋಡ್ 2 ಟ್ರಾನ್ಸ್‌ಮಿಟರಿನಲ್ಲಿ (ಥ್ರಾಟಲ್ ಎಡಗೈ ಕಡೆ ಇರುವ ರಿಮೋಟ್) ಎಡಗೈ ಸ್ಟಿಕ್ ಎಡಕ್ಕೆ ತಳ್ಳಿದರೆ ಬಾಲದ ರೋಟರಿನಿಂದ ಮೂತಿ ತಿರುಗುತ್ತದೆ, ಜಾಗ ಬದಲಾಗುವುದಿಲ್ಲ. ಬಲಗೈ ಸ್ಟಿಕ್ ಎಡಕ್ಕೆ ತಳ್ಳಿದರೆ ಇಡೀ ಮೈ ವಾಲಿ, ಹೆಲಿಕಾಪ್ಟರ್ ಆ ಕಡೆ ಸರಿಯುತ್ತದೆ. ಮಾತಿನಲ್ಲಿ ಎರಡಕ್ಕೂ 'ತಿರುಗಿಸು' ಅಂದುಬಿಡುತ್ತೇವೆ. ಕೈಪಿಡಿಯಲ್ಲಿ ಮೊದಲನೆಯದಕ್ಕೆ 'ತಿರುಗಿಸು', ಎರಡನೆಯದಕ್ಕೆ 'ವಾಲಿಸು' ಎಂದೇ ಬರೆಯುತ್ತಿದ್ದೇನೆ. ಮೂತಿ ನಮ್ಮ ಕಡೆ ಬಂದಾಗ ಎಡಬಲ ಅದಲುಬದಲಾಗುತ್ತದೆ. ಹಾಗಾಗಿ ಎಡ ಎಂದರೆ ಯಾವಾಗಲೂ ಹೆಲಿಕಾಪ್ಟರಿನ ಎಡ, ಒಳಗೆ ಪೈಲಟ್ ಕೂತಿದ್ದರೆ ಅವರಿಗೆ ಎಡವಾಗುವ ಕಡೆ. 'ವಾಲಿಸು' ಎಲ್ಲ ಊರಿನವರಿಗೂ ಅರ್ಥವಾಗುತ್ತದಾ?

ಇನ್ನು ಪಿಚ್. ಈ ಪದ ಕೇಳಿದರೆ ನಮ್ಮವರಿಗೆ ಕ್ರಿಕೆಟ್ಟೇ ನೆನಪಾಗುತ್ತದೆ. ಕಲೆಕ್ಟಿವ್ ಪಿಚ್ ಹೆಲಿಕಾಪ್ಟರಿನಲ್ಲಿ ರೋಟರಿನ ವೇಗ ಹೆಚ್ಚುಕಡಿಮೆ ಒಂದೇ ಇರುತ್ತದೆ. ಎಲ್ಲ ಬ್ಲೇಡ್‌ಗಳ ಓರೆ ಒಟ್ಟಿಗೆ ಹೆಚ್ಚಿದರೆ ಮೇಲೇರುತ್ತದೆ, ತಗ್ಗಿದರೆ ಇಳಿಯುತ್ತದೆ. ಅದಕ್ಕೇ 'ಬ್ಲೇಡಿನ ಓರೆ' ಎಂದು ಬರೆಯೋಣ ಅಂದುಕೊಂಡಿದ್ದೇನೆ. ಇಡೀ ಹೆಲಿಕಾಪ್ಟರೇ ಓರೆಯಾಯಿತು ಎಂದು ಯಾರಾದರೂ ತಿಳಿದುಕೊಳ್ಳುವ ಸಾಧ್ಯತೆ ಇದೆಯಾ?