ರಾತ್ರಿ ಕಾಲು ಸೆಳೆತಕ್ಕೆ ಮೆಗ್ನೀಸಿಯಂ ಮಾತ್ರೆ ಕೊಡಬಹುದೇ?

ಪ್ರಶ್ನೆ (ಇಳಕಲ್):
ನಮ್ಮ ಅವ್ವನಿಗೆ 67 ವರ್ಷ. ಬಹುಕಾಲ ಕೈಮಗ್ಗದಲ್ಲಿ ಸೀರೆ ನೇಯ್ದವರು. ಕೆಲವು ತಿಂಗಳಿಂದ ನಡುರಾತ್ರಿ ಮೀನಖಂಡ ಕಲ್ಲಿನಂತೆ ಬಿಗಿದುಕೊಂಡು ಎಚ್ಚರವಾಗುತ್ತದೆ. ಸೆಳೆತ ಬಿಟ್ಟ ಮೇಲೂ ಮರುದಿನ ಮಧ್ಯಾಹ್ನದವರೆಗೆ ನೋವು ಉಳಿಯುತ್ತದೆ. ಔಷಧ ಅಂಗಡಿಯವರು ಮೆಗ್ನೀಸಿಯಂ ಮಾತ್ರೆ ಕೊಟ್ಟಿದ್ದಾರೆ. ಬಿಪಿ ಮತ್ತು ಥೈರಾಯ್ಡ್ ಮಾತ್ರೆಗಳು ಮೊದಲಿನಿಂದಲೂ ನಡೆಯುತ್ತಿವೆ. ಇದನ್ನೂ ಸೇರಿಸಬಹುದೇ?

ಉತ್ತರ (ವೈದ್ಯ, ಬಾಗಲಕೋಟೆ):
ವಯಸ್ಸಾದವರ ರಾತ್ರಿ ಸೆಳೆತಕ್ಕೆ ಮೆಗ್ನೀಸಿಯಂನಿಂದ ಹೇಳಿಕೊಳ್ಳುವಂಥ ಉಪಯೋಗ ಕಂಡುಬಂದಿಲ್ಲ. ಲಭ್ಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2020ರ ಪರಾಮರ್ಶೆಯ ನಿಲುವೂ ಇದೇ. ಗರ್ಭಿಣಿಯರ ವಿಷಯದಲ್ಲಿ ಮಾತ್ರ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವಿದ್ದರೆ ಸೆಳೆತಕ್ಕೆ ಅದೂ ಕಾರಣವಿರಬಹುದು. ಆದ್ದರಿಂದ ಚೀಟಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ, ತಾವಾಗಿಯೇ ನಿಲ್ಲಿಸಬೇಡಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಮೆಗ್ನೀಸಿಯಂ ದೇಹದಲ್ಲಿ ಸಂಗ್ರಹವಾಗಿ ಅಪಾಯ ತರುತ್ತದೆ, ಹಾಗಾಗಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮೊದಲು ಆಗಲಿ.

ಉತ್ತರ (ನಿವೃತ್ತ ಶಿಕ್ಷಕ, ವಿಜಯಪುರ):
ಡಾಕ್ಟರ್ ಸಾಹೇಬರ ಮಾತನ್ನು ಅಲ್ಲಗಳೆಯುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ನಮ್ಮ ಮನೆಯವರು ಈ ಮಾತ್ರೆ ತೆಗೆದುಕೊಳ್ಳತೊಡಗಿದ ಮೇಲೆ ಸೆಳೆತ ಇಳಿದದ್ದನ್ನು ನಾನೇ ಕಂಡಿದ್ದೇನೆ. ಪ್ರಯೋಗಗಳಲ್ಲಿ ಕೊಟ್ಟ ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರಿರಲಿಕ್ಕಿಲ್ಲ ಅಲ್ಲವೇ?

ಉತ್ತರ (ವೈದ್ಯ, ಬಾಗಲಕೋಟೆ):
ಗುರುಗಳೇ, ನೀವು ಕಂಡದ್ದು ಸುಳ್ಳಲ್ಲ. 2017ರಲ್ಲಿ ಪ್ರಕಟವಾದ ಇಸ್ರೇಲಿನ ಪ್ರಯೋಗದಲ್ಲಿ 94 ಜನರಲ್ಲಿ ಕೆಲವರಿಗೆ ಮೆಗ್ನೀಸಿಯಂ ಆಕ್ಸೈಡ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು. ನಾಲ್ಕು ವಾರಗಳಲ್ಲಿ ಎರಡೂ ಗುಂಪುಗಳಲ್ಲಿ ಸೆಳೆತ ವಾರಕ್ಕೆ ಸುಮಾರು ಮೂರರಷ್ಟು ಕಡಿಮೆಯಾಯಿತು. ಈ ತೊಂದರೆ ತಾನಾಗಿಯೇ ಏರಿ ಇಳಿಯುವಂಥದ್ದು, ಹೆಚ್ಚಾದಾಗಲೇ ನಾವು ಮಾತ್ರೆ ಹುಡುಕುತ್ತೇವೆ, ಇಳಿದಾಗ ಹೆಸರು ಮಾತ್ರೆಗೆ ಬರುತ್ತದೆ. ರಕ್ತಕ್ಕೆ ಸೇರುವ ಪ್ರಶ್ನೆಯೂ ಬಂದಿತ್ತು. ಕೆನಡಾದವರು 2011ರಲ್ಲಿ ನೇರವಾಗಿ ರಕ್ತನಾಳಕ್ಕೇ ಸಲಾಯಿನ್‌ನಂತೆ ಏರಿಸಿ ನೋಡಿದರೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಷ್ಟಕ್ಕೂ ಜೋಳದ ರೊಟ್ಟಿ, ಶೇಂಗಾ ಹಿಂಡಿ ಉಣ್ಣುವ ನಮ್ಮ ಕಡೆಯವರ ತಾಟಿನಲ್ಲಿ ಮೆಗ್ನೀಸಿಯಂ ಸಾಕಷ್ಟಿದೆ.

ಅವ್ವನವರಿಗೆ ಮಲಗುವ ಮುನ್ನ ಮೀನಖಂಡ ಎಳೆಯುವ ವ್ಯಾಯಾಮ ಮಾಡಿಸಿ. ಗೋಡೆಗೆ ಎರಡೂ ಅಂಗೈ ಊರಿ, ಒಂದು ಕಾಲನ್ನು ಹಿಂದಿಟ್ಟು, ಆ ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ ಹತ್ತು ಸೆಕೆಂಡ್ ನಿಲ್ಲಬೇಕು. ಪ್ರತಿ ಕಾಲಿಗೆ ಮೂರು ಸಲ. 55 ದಾಟಿದವರಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದ ಪ್ರಯೋಗದಲ್ಲಿ ಆರು ವಾರ ಇಂಥ ವ್ಯಾಯಾಮ ಮಾಡಿದವರಿಗೆ ಸೆಳೆತ ಕಡಿಮೆಯಾಗಿತ್ತು. ಸೆಳೆತ ಹಿಡಿದಾಗ ಮೊಣಕಾಲು ನೆಟ್ಟಗೆ ಮಾಡಿ ಪಾದದ ಬೆರಳುಗಳನ್ನು ತಮ್ಮತ್ತ ಎಳೆದುಕೊಳ್ಳಲಿ.

ಪ್ರಶ್ನೆ (ಇಳಕಲ್):
ವ್ಯಾಯಾಮವನ್ನು ಇಂದಿನಿಂದಲೇ ಮಾಡಿಸುತ್ತೇವೆ, ಸರ್. ಆದರೂ ಅವ್ವ ಹಟ ಹಿಡಿದು ಮಾತ್ರೆ ತೆಗೆದುಕೊಂಡರೆ?

ಉತ್ತರ (ವೈದ್ಯ, ಬಾಗಲಕೋಟೆ):
ಕ್ರಿಯಾಟಿನಿನ್ ಸರಿಯಿದ್ದರೆ ಕೆಲವು ವಾರ ನೋಡಲಿ, ಭೇದಿಯಾದರೆ ಬಿಡಲಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರವಿರಲಿ, ಇಲ್ಲವಾದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.