ಹಾಲ್ ಗೋಡೆಗೆ ಓನ್ ಕವಾರಾ: ಅಕ್ರಿಲಿಕ್ ಕಾಪಿ ತಗೊಳ್ಳಬಹುದಾ?

ಕಾಫಿಹೂ, ಮೂಡಿಗೆರೆ:
ಹೊಸ ಮನೆಯ ಹಾಲ್‌ನಲ್ಲಿ ಒಂದು ಗೋಡೆ ಖಾಲಿ ಇದೆ. ಅತ್ತೆಗೆ ಏಳು ಕುದುರೆ ಚಿತ್ರ ಬೇಕು. ನನಗೆ ಜಪಾನಿನ ಕಲಾವಿದ ಓನ್ ಕವಾರಾ ಅವರ ತಾರೀಖಿನ ಚಿತ್ರ. ಒಂದೇ ಬಣ್ಣದ ಹಿನ್ನೆಲೆ, ಮೇಲೆ ಬಿಳಿಯಲ್ಲಿ ಆ ದಿನದ ತಾರೀಖು, ಅಷ್ಟೇ. ಆನ್‌ಲೈನ್‌ನಲ್ಲಿ ಎರಡು ಥರದ ಕಾಪಿ ಇವೆ: ಅಕ್ರಿಲಿಕ್ ಶೀಟ್ (ಗಾಜಿನಂಥ ಪ್ಲಾಸ್ಟಿಕ್ ಹಾಳೆ) ಮೇಲೆ ಪ್ರಿಂಟ್, ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ಬಣ್ಣ. ನಮ್ಮ ಮಳೆಗಾಲ ಗೊತ್ತಲ್ಲ, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು. ಯಾವುದು ಬಾಳುತ್ತದೆ?

ಫ್ರೇಮ್ ಅಂಗಡಿ, ಹಾಸನ:
ಶೀಟೇ ವಾಸಿ ಮೇಡಂ. ಶೀಟ್ ನೀರು ಕುಡಿಯುವುದಿಲ್ಲ, ಹಿಂದೆ ಅಂಟಿಸಿದ ಪೇಪರ್ ಕುಡಿಯುತ್ತದೆ. ಹಾಗಾಗಿ ಶೀಟಿನ ಮೇಲೇ ಯುವಿ ಪ್ರಿಂಟ್ (ನೇರಳಾತೀತ ಬೆಳಕಿನಲ್ಲಿ ಶಾಯಿ ಗಟ್ಟಿಯಾಗಿಸುವ ಪ್ರಿಂಟ್) ಮಾಡಿದ್ದನ್ನು ಕೇಳಿ. ಗೋಡೆಗೆ ಒತ್ತಿ ಕೂರಿಸಬೇಡಿ, ಹಿಂದೆ ಗಾಳಿ ಆಡಲಿ. ಅಮೋನಿಯ ಇರುವ ಗಾಜಿನ ಸ್ಪ್ರೇ ಹೊಡೆದರೆ ಮಬ್ಬಾಗುತ್ತದೆ. ಒದ್ದೆ ಮೆತ್ತನೆ ಬಟ್ಟೆ ಸಾಕು. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ.

ಡ್ರಾಯಿಂಗ್ ಮೇಷ್ಟ್ರು, ಚಿಕ್ಕಮಗಳೂರು:
ಬಾಳಿಕೆ ಇರಲಿ, ಅದನ್ನು ಯಾಕೆ ಕೊಳ್ಳಬೇಕು? ಕವಾರಾ 1966ರ ಜನವರಿ 4ರಂದು ಈ ಸರಣಿ ಶುರು ಮಾಡಿದರು. ಅಂದಿನ ಚಿತ್ರ ಅಂದೇ ಮುಗಿಯಬೇಕು. ರಾತ್ರಿ ಹನ್ನೆರಡು ದಾಟಿದರೆ ಹಾಳು ಮಾಡಿಬಿಡುತ್ತಿದ್ದರು. ಅಕ್ಷರವೆಲ್ಲ ಕೈಯಲ್ಲೇ, ಅಚ್ಚು ಇಟ್ಟು ಬರೆದದ್ದಲ್ಲ. ಪ್ರಿಂಟರ್ ಎರಡು ನಿಮಿಷದಲ್ಲಿ ಉಗುಳಿದ ತಾರೀಖಿನಲ್ಲಿ ಆ ಇಡೀ ದಿನ ಎಲ್ಲಿದೆ? ಅಮೆರಿಕದ ಕಲಾವಿದ ಸಾಲ್ ಲೆವಿಟ್ ಆದರೆ ಬೇರೆ ಮಾತು. ಅವರು ಸೂಚನೆ ಬರೆದುಕೊಡುತ್ತಿದ್ದರು, ಗೋಡೆ ಮೇಲೆ ಬಿಡಿಸುತ್ತಿದ್ದವರು ಬೇರೆಯವರು.

ಇನ್ನೊಂದು, ಕವಾರಾ ತೀರಿಕೊಂಡಿದ್ದು 2014ರಲ್ಲಿ. ನಮ್ಮಲ್ಲಿ ಕಾಪಿರೈಟ್ ಕಲಾವಿದ ಹೋದ ಮೇಲೂ 60 ವರ್ಷ ಇರುತ್ತದೆ. ಮಾರುವವರಿಗೆ ಅನುಮತಿ ಇದೆಯಾ ಕೇಳಿ ನೋಡಿ, ಉತ್ತರ ಬರುವುದು ಡೌಟೇ.

ನಾನಾಗಿದ್ದರೆ ಗೃಹಪ್ರವೇಶದ ತಾರೀಖನ್ನು ಅಂಗಡಿ ಬೋರ್ಡ್ ಬರೆಯುವವರಿಂದ ಕನ್ನಡದಲ್ಲೇ ಬರೆಸುತ್ತಿದ್ದೆ. ಕವಾರಾ ತಾವಿದ್ದ ದೇಶದ ಭಾಷೆಯಲ್ಲಿ ಬರೆಯುತ್ತಿದ್ದರು, ರೋಮನ್ ಲಿಪಿ ಇಲ್ಲದ ಕಡೆ ಎಸ್ಪೆರಾಂಟೋ ಎಂಬ ಕಟ್ಟಿದ ಭಾಷೆಯಲ್ಲಿ. ನಮ್ಮೂರಿಗೆ ಬಂದಿದ್ದರೂ ಕನ್ನಡ ಬರುತ್ತಿರಲಿಲ್ಲ, ನೋಡಿ!

ಕಾಫಿಹೂ:
ಐಡಿಯಾ ಚೆನ್ನಾಗಿದೆ ಮೇಷ್ಟ್ರೇ. ಆದರೆ ಕೈಯಲ್ಲಿ ಬರೆಸಿದರೆ ಮತ್ತೆ ಕ್ಯಾನ್ವಾಸ್, ಮತ್ತೆ ಬೂಷ್ಟು ಅಲ್ವಾ?

ಫ್ರೇಮ್ ಅಂಗಡಿ, ಹಾಸನ:
ಕ್ಯಾನ್ವಾಸ್ ಯಾಕೆ? ಬೋರ್ಡಿನವರ ಹತ್ತಿರ ಎಸಿಪಿ ಶೀಟಿನ (ನಡುವೆ ಪ್ಲಾಸ್ಟಿಕ್, ಎರಡೂ ಕಡೆ ಅಲ್ಯೂಮಿನಿಯಂ ಇರುವ ಹಲಗೆ) ತುಂಡು ಇರುತ್ತದೆ. ಉಪ್ಪು ಕಾಗದದಲ್ಲಿ ತುಸು ಉಜ್ಜಿ, ಪ್ರೈಮರ್ ಹೊಡೆದು, ಆಮೇಲೆ ಬರೆಸಿ. ಮಳೆ ಹಿಡಿಯುವ ಮುಂಚೆ ಮಾಡಿಸಿ, ಬಣ್ಣ ಚೆನ್ನಾಗಿ ಒಣಗಲಿ.