ಜಾಲತಾಣ ಕಲಿಯುವವರಿಗೆ ‘ಶೀರ್ಷಿಕೆ’ ಎಂದರೆ ಯಾವುದು?

ಗೆಳೆಯರೆ,

ಸಾಗರದಲ್ಲಿ ಭಾನುವಾರಗಳಂದು ಹನ್ನೊಂದು ಮಂದಿಗೆ ಜಾಲತಾಣ ಕಟ್ಟುವುದನ್ನು ಹೇಳಿಕೊಡುತ್ತಿದ್ದೇನೆ. ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ ಪದವಿಗೆ ಬಂದವರು. ಕಳೆದ ವಾರ ಒಬ್ಬಳು ತನ್ನ ತಾಯಿ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿಗಾಗಿ ಮೊದಲ ಪುಟ ಬರೆದಳು. ನಾನು ಹಂಚಿದ್ದ ಟಿಪ್ಪಣಿಯಲ್ಲಿ ‘ಟೈಟಲ್ ಎಂದರೆ ಪುಟದ ಶೀರ್ಷಿಕೆ’ ಎಂದಿತ್ತು. ಅವಳು ಆ ಟ್ಯಾಗಿನೊಳಗೆ (ಯಾವ ಬರಹ ಏನೆಂದು ಬ್ರೌಸರಿಗೆ ತಿಳಿಸುವ ಗುರುತಿನೊಳಗೆ) ‘ಮಲೆನಾಡಿನ ಅಪ್ಪೆಮಿಡಿ’ ಎಂದು ಬರೆದು, ಪುಟ ತೆರೆದು ನೋಡಿ, ‘ಶೀರ್ಷಿಕೆ ಬರೆದಿದ್ದೇನೆ, ಪುಟದಲ್ಲಿ ಕಾಣುತ್ತಲೇ ಇಲ್ಲ’ ಎಂದಳು. ಅವಳು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಪ್ಪು ನಾನು ಕೊಟ್ಟ ಪದದಲ್ಲಿತ್ತು.

ತಿಳಿಯದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ‘ಟೈಟಲ್’ ಎಂಬ ಟ್ಯಾಗಿನೊಳಗೆ ಬರೆದದ್ದು ಪುಟದ ಮೈಮೇಲೆ ಮೂಡುವುದಿಲ್ಲ. ಅದು ಕಾಣುವುದು ಬ್ರೌಸರಿನ ಮೇಲ್ತುದಿಯ ಟ್ಯಾಬಿನಲ್ಲಿ, ಬುಕ್‌ಮಾರ್ಕ್ ಪಟ್ಟಿಯಲ್ಲಿ, ಸಾಮಾನ್ಯವಾಗಿ ಹುಡುಕಾಟದ ಫಲಿತಾಂಶದಲ್ಲಿ. ಓದುಗನ ಕಣ್ಣಿಗೆ ಪುಟದಲ್ಲೇ ದೊಡ್ಡದಾಗಿ ಕಾಣಬೇಕಾದದ್ದು ‘ಹೆಡಿಂಗ್’. ಅದಕ್ಕೆ ಎಚ್1ರಿಂದ ಎಚ್6ರವರೆಗೆ ಆರು ಮಟ್ಟಗಳಿವೆ. ಲಾಂಛನ, ಮೆನು ಇತ್ಯಾದಿ ಕೂರುವ ಮೇಲ್ಭಾಗ ‘ಹೆಡರ್’. ಚಿತ್ರಕ್ಕೋ ಕೋಷ್ಟಕಕ್ಕೋ ಅಂಟಿಕೊಂಡ ಸಾಲು ‘ಕ್ಯಾಪ್ಷನ್’. ಕನ್ನಡದಲ್ಲಿ ಸಿಗುವ ಪಾಠಗಳನ್ನು ತಿರುವಿ ಹಾಕಿದೆ. ಈ ನಾಲ್ಕರಲ್ಲಿ ಯಾವುದು ಬಂದರೂ ‘ಶೀರ್ಷಿಕೆ’ ಎಂದು ಬರೆದು ಮುಂದೆ ಹೋಗಿರುವುದನ್ನು ಕಂಡೆ. ಪತ್ರಿಕೆಗೆ ಒಂದೇ ಪದ ಸಾಕು, ಅಲ್ಲಿ ಜಾಗ ನೋಡಿದರೆ ಅರ್ಥವಾಗುತ್ತದೆ. ಕಲಿಯುವವರಿಗೆ ಜಾಗವೇ ಗೊತ್ತಿಲ್ಲ; ಜಾಗ ತಿಳಿಸಬೇಕಾದದ್ದೇ ಆ ಪದ.

ನನಗೆ ಹೊಳೆದದ್ದನ್ನು ಹೇಳುತ್ತೇನೆ, ತಿದ್ದಿ.

ಟೈಟಲ್‌ಗೆ ‘ಪುಟದ ಹೆಸರು’ ಸಾಕು. ಮನುಷ್ಯನ ಹೆಸರು ಅವನ ಹಣೆಯ ಮೇಲೆ ಬರೆದಿರುವುದಿಲ್ಲ, ಬೇರೆಯವರು ಕರೆಯಲು ಇರುತ್ತದೆ ಎಂದಾಗ ಆ ಹುಡುಗಿಗೆ ತಕ್ಷಣ ತಿಳಿಯಿತು. ನಮ್ಮ ಓಲೆಗರಿಯ ಕಾವ್ಯಗಳಲ್ಲಿ ಮುಖಪುಟವೇ ಇರಲಿಲ್ಲ. ಚಂಪೂ ಕಾವ್ಯದ ಹೆಸರು, ಕವಿಯ ಹೆಸರು ಆಶ್ವಾಸದ, ಅಂದರೆ ಅಧ್ಯಾಯದ, ಕೊನೆಯ ಗದ್ಯದಲ್ಲಿ ಬರುತ್ತಿದ್ದವು. ಹೆಸರು ಒಂದು ಕಡೆ, ತಲೆಯ ಮೇಲಿನ ಬರಹ ಇನ್ನೊಂದು ಕಡೆ ಎಂಬುದು ನಮಗೆ ಹೊಸದಲ್ಲ.

ಹೆಡಿಂಗ್‌ಗೆ ‘ತಲೆಬರಹ’ ನನ್ನ ಆಯ್ಕೆ. ಹಣೆಬರಹದ ಅರ್ಥದಲ್ಲೂ ಈ ಪದ ಬಳಕೆಯಲ್ಲಿದೆ ಎಂದು ಒಬ್ಬ ಹಿರಿಯರು ಆಕ್ಷೇಪಿಸಿದರು. ಸಂದರ್ಭ ಎರಡನ್ನೂ ಬೇರೆ ಮಾಡುತ್ತದೆ ಎಂಬುದು ನನ್ನ ನಂಬಿಕೆ. ನನ್ನ ಚಿಂತೆ ಬೇರೆ: ತಲೆಬರಹ ಎಂದರೆ ದೊಡ್ಡ ಅಕ್ಷರ ಎಂದುಕೊಳ್ಳುತ್ತಾರೆ. ಒಬ್ಬ ಹುಡುಗ ಇಡೀ ಪ್ಯಾರಾವನ್ನು ಎಚ್1ರಲ್ಲಿ ತುಂಬಿದ್ದ, ದಪ್ಪಗೆ ಕಾಣಲಿ ಎಂದು. ಅಕ್ಷರದ ಗಾತ್ರ ನೋಡಿಕೊಳ್ಳುವುದು ಪುಟದ ಅಂದಚೆಂದ ಹೇಳುವ ಭಾಷೆಯಾದ ಸಿಎಸ್‌ಎಸ್ ಕೆಲಸ. ತಲೆಬರಹ ಹೇಳುವುದು ಯಾವುದರೊಳಗೆ ಯಾವುದು ಎಂಬುದನ್ನು. ಕಣ್ಣು ಕಾಣದವರು ಪರದೆ ಓದುವ ತಂತ್ರಾಂಶದ ನೆರವಿನಿಂದ ತಲೆಬರಹದಿಂದ ತಲೆಬರಹಕ್ಕೆ ಹಾರಿ ತಮಗೆ ಬೇಕಾದ ಭಾಗ ಹುಡುಕುತ್ತಾರೆ. ಹುಡುಗ ತುಂಬಿದ್ದ ಪುಟದಲ್ಲಿ ಅವರು ದಾರಿ ತಪ್ಪುತ್ತಾರೆ. ಕುಮಾರವ್ಯಾಸ ಭಾರತದಲ್ಲಿ ಪರ್ವದೊಳಗೆ ಸಂಧಿ, ಸಂಧಿಯೊಳಗೆ ಪದ್ಯ ಇರುವಂತೆ ಎಂದು ಹೇಳಿದ ಮೇಲೆ ಅವನೇ ಕೂತು ಎಲ್ಲವನ್ನೂ ಸರಿಪಡಿಸಿದ.

ಹೆಡರ್ ಕಷ್ಟ. ‘ಮೇಲ್ಬರಹ’ ಎನ್ನೋಣವೆಂದರೆ ಅದು ಬರಹವಲ್ಲ, ಒಂದು ಭಾಗ. ಅಡಿಯಿಂದ ಮುಡಿಯವರೆಗೆ ಎನ್ನುತ್ತೇವಲ್ಲ, ಅದನ್ನೇ ಹಿಡಿದು ಹೆಡರಿಗೆ ‘ಮುಡಿಭಾಗ’, ಪುಟದ ಕೆಳತುದಿಯ ಫೂಟರಿಗೆ ‘ಅಡಿಭಾಗ’ ಎಂದರೆ ಹೇಗೆ? ಫೂಟರನ್ನು ಅಡಿಟಿಪ್ಪಣಿ ಎಂದು ಬರೆದಿರುವುದನ್ನೂ ನೋಡಿದ್ದೇನೆ. ಅದು ಖಂಡಿತ ತಪ್ಪು; ಅಡಿಟಿಪ್ಪಣಿ ಪುಸ್ತಕದಲ್ಲಿ ಅಂಕಿ ಹಾಕಿ ಕೆಳಗೆ ಕೊಡುವ ವಿವರಣೆ. ಕ್ಯಾಪ್ಷನ್‌ಗೆ ‘ಅಡಿಬರಹ’ ಚಿತ್ರದ ಮಟ್ಟಿಗೆ ಸರಿ. ಆದರೆ ಕೋಷ್ಟಕದ ಕ್ಯಾಪ್ಷನ್ ನಾವು ಬೇರೆ ಹೇಳದಿದ್ದರೆ ಮೇಲೆಯೇ ಕೂರುತ್ತದೆ. ಮೇಲಿರುವುದನ್ನು ಅಡಿಬರಹ ಎನ್ನಲು ಮನಸ್ಸು ಒಪ್ಪುತ್ತಿಲ್ಲ.

ಇನ್ನೊಂದು ಪದ ಇದಕ್ಕಿಂತ ಹೆಚ್ಚು ಕಾಡಿದೆ: ‘ಪಠ್ಯ ಸಂಪಾದಕ’. ಕಲಿಕೆಯ ಮೊದಲ ದಿನ ಬೇಕಾಗುವ ಸಾಧನಗಳು ಎರಡೇ, ಬರೆಯಲು ಒಂದು ಟೆಕ್ಸ್ಟ್ ಎಡಿಟರ್, ನೋಡಲು ಒಂದು ಬ್ರೌಸರ್. ‘ಮೊದಲು ಒಂದು ಪಠ್ಯ ಸಂಪಾದಕ ಬೇಕು’ ಎಂದು ಹಲಗೆಯ ಮೇಲೆ ಬರೆದೆ. ‘ಪಠ್ಯಪುಸ್ತಕ ಸಮಿತಿಯವರೇ?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಅವನು ಕೇಳಿದ್ದು ನ್ಯಾಯವಾಗಿತ್ತು. ವಿದ್ಯಾರ್ಥಿಗೆ ಪಠ್ಯವೆಂದರೆ ಪಾಠದ ಪುಸ್ತಕ, ಸಂಪಾದಕನೆಂದರೆ ಪತ್ರಿಕೆಯ ಮನುಷ್ಯ. ಎರಡು ಪದಗಳೂ ಗೊತ್ತಿರುವವೇ, ಸೇರಿದಾಗ ಮಾತ್ರ ದಾರಿ ತಪ್ಪಿಸುತ್ತವೆ. ಈಗ ‘ಎಡಿಟರ್’ ಎಂದೇ ಬಳಸುತ್ತಿದ್ದೇನೆ. ಉಪಕರಣಕ್ಕೆ ಹೊಂದುವ, ಮನುಷ್ಯನನ್ನು ನೆನಪಿಸದ ಪದ ಯಾರಿಗಾದರೂ ಹೊಳೆದರೆ ತಿಳಿಸಿ.

ಸುಲಭವಾಗಿ ಕೂತ ಪದಗಳೂ ಇವೆ. ಲಿಂಕ್‌ಗೆ ‘ಕೊಂಡಿ’ ಎಂದಾಗ ವಿವರಣೆಯೇ ಬೇಕಾಗಲಿಲ್ಲ. ಟ್ಯಾಗು ಹಾಕುವುದಕ್ಕೆ ಹೇಳುವ ‘ಮಾರ್ಕಪ್’ ಮುದ್ರಣದಿಂದ ಬಂದ ಮಾತು. ಹಸ್ತಪ್ರತಿಯ ಮೇಲೆ ಅಚ್ಚುಮೊಳೆ ಜೋಡಿಸುವವರಿಗಾಗಿ ಹಾಕುತ್ತಿದ್ದ ಗುರುತುಗಳು. ಆದ್ದರಿಂದ ‘ಗುರುತು ಹಾಕುವುದು’ ಎನ್ನುತ್ತೇನೆ. ಸಿಎಸ್‌ಎಸ್‌ನ ಲೈನ್‌-ಹೈಟ್‌ಗೆ ‘ಸಾಲೆತ್ತರ’ ಎಂದೆ, ಮರುವಾರದಿಂದ ಅವರ ಬಾಯಲ್ಲೂ ಅದೇ. ಇಂಗ್ಲಿಷ್ ಅಕ್ಷರಕ್ಕೆ ಸಾಲುವ 1.2ರ (ಅಕ್ಷರದ ಗಾತ್ರದ 1.2 ಪಟ್ಟು) ಸಾಲೆತ್ತರದಲ್ಲಿ ‘ರಾಷ್ಟ್ರ’, ‘ಸ್ತ್ರೀ’ಗಳ ಒತ್ತು ಕೆಳಸಾಲಿನ ತಲೆಕಟ್ಟಿಗೆ ಮುಟ್ಟುವಷ್ಟು ಇಳಿಯಬಹುದು. 1.6 ಇಟ್ಟು ನೋಡಿ, ಓದಲು ಎಷ್ಟು ಹಿತ!

ಕೊನೆಯದಾಗಿ, ‘ಮೆಟಾ ಡಿಸ್ಕ್ರಿಪ್ಷನ್’. ಪುಟದಲ್ಲಿ ಏನಿದೆ ಎಂದು ಒಂದೆರಡು ವಾಕ್ಯಗಳಲ್ಲಿ ಹೇಳುವ, ಹುಡುಕಾಟದ ಫಲಿತಾಂಶದಲ್ಲಿ ಹೆಸರಿನ ಕೆಳಗೆ ಹಲವು ಬಾರಿ ಕಾಣುವ ಬರಹ ಅದು. ಷಟ್ಪದಿ ಕಾವ್ಯಗಳಲ್ಲಿ ಸಂಧಿಯ ಮೊದಲಿಗೆ ಬರುವ ಪದ್ಯ ಇದೇ ಕೆಲಸ ಮಾಡುತ್ತದೆ, ಅದಕ್ಕೆ ‘ಸೂಚನೆ’ ಎಂದು ಹೆಸರೂ ಇದೆ. ಇಂದು ‘ಸೂಚನೆ’ ಎಂದರೆ ಫಲಕದ ಮೇಲಿನ ಎಚ್ಚರಿಕೆ ಎಂಬ ಅರ್ಥವೇ ಮುಂದೆ ಬರುತ್ತದೆ ಎಂಬುದು ಗೊತ್ತು. ಆದರೂ ಆ ಹಳೆಯ ಅರ್ಥವನ್ನು ಮತ್ತೆ ಬಳಕೆಗೆ ತರುವ ಆಸೆ ನನಗಿದೆ.

ಟ್ಯಾಗುಗಳ ಹೆಸರನ್ನೇ ಕನ್ನಡಿಸಬೇಕೆಂದು ನಾನು ಕೇಳುತ್ತಿಲ್ಲ. ಬ್ರೌಸರಿಗೆ ತಿಳಿಯುವುದು ಅವು ಇರುವ ರೂಪದಲ್ಲಿ ಮಾತ್ರ, ಅವನ್ನು ಹಾಗೆಯೇ ಕಲಿಯಬೇಕು. ನಾನು ಕೇಳುವುದು ವಿವರಿಸುವಾಗಿನ ಮಾತಿನ ಬಗ್ಗೆ.

ಬಳಗದಲ್ಲಿ ಮುದ್ರಣಾಲಯದಲ್ಲಿ, ಪತ್ರಿಕೆಯ ಪುಟವಿನ್ಯಾಸದಲ್ಲಿ ದುಡಿದವರು ಇದ್ದೀರಿ. ಚಿತ್ರದ ಕೆಳಗಿನ ಸಾಲನ್ನೂ ಕೋಷ್ಟಕದ ಮೇಲಿನ ಸಾಲನ್ನೂ ನಿಮ್ಮಲ್ಲಿ ಏನೆಂದು ಕರೆಯುತ್ತಿದ್ದಿರಿ? ಎರಡಕ್ಕೂ ಒಂದೇ ಪದವಿತ್ತೇ? ‘ಮುಡಿಭಾಗ’ ಕಿವಿಗೆ ಹೇಗೆ ಕೇಳಿಸುತ್ತದೆ? ಶನಿವಾರ ಸಂಜೆ ಹೊಸ ಟಿಪ್ಪಣಿ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಬರೆದರೆ ಈ ಹನ್ನೊಂದು ಮಂದಿಗೆ ನಿಮ್ಮ ಪದವೇ ತಲುಪುತ್ತದೆ.